ಕರೆಂಟ್ ಹೋದ ರಾತ್ರಿ ಕಂಪ್ಯೂಟರ್ ಏನು ಬರೆದಿಟ್ಟಿತ್ತು? ಲಾಗ್ ಸಂಗ್ರಹ ಮತ್ತು ರವಾನೆಯ ಬಗ್ಗೆ

ಕಲಬುರಗಿಯ ಬೇಸಿಗೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಕಾರಣ ಹುಡುಕುವ ಅಗತ್ಯವೇ ಇಲ್ಲ ಎನ್ನುವಂತೆ ಜನ ಮಾತನಾಡುತ್ತಾರೆ. ದಾಲ್ ಮಿಲ್‌ನ ಕಚೇರಿಯ ಯಂತ್ರ ರಾತ್ರಿ ತಾನಾಗಿಯೇ ಆರಿ ಮತ್ತೆ ಶುರುವಾಗಿದ್ದರೆ ಕರೆಂಟ್ ಹೋಗಿರಬೇಕು ಎನ್ನುತ್ತಾರೆ. ಮಧ್ಯಾಹ್ನ ನಿಧಾನವಾದರೆ ಬಿಸಿಲು, ಫೈಲ್ ತೆರೆಯದಿದ್ದರೆ ವೈರಸ್. ಮೂರೂ ಊಹೆಗಳೇ. ಊಹೆಯನ್ನು ನಂಬಿ ಹೊಸ ಯುಪಿಎಸ್ ತರುತ್ತಾರೆ, ಒಂದು ತಿಂಗಳ ನಂತರ ಅದೇ ತೊಂದರೆ ಮರುಕಳಿಸುತ್ತದೆ. ಆಗ ನೋಡಿದರೆ ಹಾಳಾಗುತ್ತಿದ್ದದ್ದು ಹಾರ್ಡ್ ಡಿಸ್ಕ್. ಅಷ್ಟರಲ್ಲಿ ತೊಗರಿ ಆವಕದ ಲೆಕ್ಕವೂ ಅದರ ಜೊತೆಗೇ ಹೋಗಿರುತ್ತದೆ.

ಆ ಡಿಸ್ಕ್ ಹಾಳಾಗುವ ಮೊದಲು ವಾರಗಟ್ಟಲೆ ಎಚ್ಚರಿಕೆ ಕೊಡುತ್ತಿದ್ದಿರಬಹುದು. ಕಂಪ್ಯೂಟರ್ ತನ್ನ ಲಾಗ್‌ನಲ್ಲಿ ಅದನ್ನೆಲ್ಲ ಬರೆಯುತ್ತದೆ. ಗಂಜಿನ ಅಡತಿ ಅಂಗಡಿಯ ಕಿರ್ದಿ ಪುಸ್ತಕದಂತೆ ಲಾಗ್ ಕೂಡ ನಡೆದದ್ದನ್ನು ನಡೆದ ಕ್ರಮದಲ್ಲಿ, ಹೊತ್ತಿನ ಸಮೇತ ಸಾಲು ಸಾಲಾಗಿ ದಾಖಲಿಸುತ್ತದೆ. ಕಷ್ಟವಿರುವುದು ಆ ದಾಖಲೆ ಎಲ್ಲಿ ಉಳಿಯುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂಬಲ್ಲಿ. ಕೆಟ್ಟ ಯಂತ್ರದ ಕಥೆ ಕೆಟ್ಟ ಯಂತ್ರದೊಳಗೇ ಇದ್ದರೆ ಬೇಕಾದ ದಿನ ಅದು ಸಿಗುವುದಿಲ್ಲ. ಹಾಗಾಗಿ ಸಣ್ಣ ಕಚೇರಿಯೇ ಆಗಲಿ, ಕಾಲೇಜಿನ ಪ್ರಯೋಗಾಲಯವೇ ಆಗಲಿ, ಲಾಗ್‌ನ ಒಂದು ಪ್ರತಿ ಇನ್ನೊಂದು ಯಂತ್ರಕ್ಕೆ ಹೋಗುತ್ತಿರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪದೇ ಪದೇ ವಿದ್ಯುತ್ ಕೈಕೊಡುವ, ಇಂಟರ್ನೆಟ್ ತುಂಡಾಗುವ ನಮ್ಮ ಭಾಗದಲ್ಲಿ ಇದರ ಅಗತ್ಯ ಬೆಂಗಳೂರಿನ ಹವಾನಿಯಂತ್ರಿತ ಡೇಟಾ ಸೆಂಟರ್‌ಗಿಂತ ಹೆಚ್ಚೇ ಇದೆ.

ಮುಖ್ಯವಾಗಿ ಲಿನಕ್ಸ್ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ, ವಿಂಡೋಸ್ ಬಗ್ಗೆ ಕೊನೆಯ ಹೊತ್ತಿಗೆ ಬರುತ್ತೇನೆ. ಆಜ್ಞೆಗಳನ್ನೂ ಕಡತಗಳ ಹೆಸರನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಯಂತ್ರದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಒಂದು ಸಾಲಿನಲ್ಲಿ ಏನಿರುತ್ತದೆ

ಲಾಗ್ ಬರೆಯುವ ಪದ್ಧತಿಗೆ ಸಿಸ್‌ಲಾಗ್ ಎಂದು ಹೆಸರು. 1980ರ ದಶಕದಲ್ಲಿ ಎರಿಕ್ ಆಲ್ಮನ್ ಅವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಜೊತೆಗೆ ಇದನ್ನು ರೂಪಿಸಿದರು. ಉಳಿದ ತಂತ್ರಾಂಶಗಳೂ ಅದನ್ನೇ ಬಳಸತೊಡಗಿದವು. ಚಾಲ್ತಿಯಲ್ಲಿದ್ದ ಪದ್ಧತಿ 2001ರಲ್ಲಿ ಆರ್‌ಎಫ್‌ಸಿ 3164 ಎಂಬ ದಾಖಲೆಯಾಗಿ ಬಂತು, 2009ರಲ್ಲಿ ಆರ್‌ಎಫ್‌ಸಿ 5424 ಅದಕ್ಕೆ ಹೊಸ ಮಾನಕ ರೂಪ ಕೊಟ್ಟಿತು.

ಪ್ರತಿ ಸಂದೇಶಕ್ಕೂ ಎರಡು ಗುರುತುಗಳಿರುತ್ತವೆ. ಮೊದಲನೆಯದು ಫೆಸಿಲಿಟಿ, ಅಂದರೆ ಸಂದೇಶ ಯಾವ ವಿಭಾಗದಿಂದ ಬಂತು ಎಂಬುದು: ಕರ್ನಲ್‌ಗೆ (ವ್ಯವಸ್ಥೆಯ ತಿರುಳಾದ ತಂತ್ರಾಂಶಕ್ಕೆ) 0, ಅಂಚೆಗೆ 2, ಲಾಗಿನ್ ಮತ್ತು ಅನುಮತಿಗೆ 4, ಹೀಗೆ 23ರವರೆಗೆ. 16ರಿಂದ 23ರವರೆಗಿನ ಎಂಟನ್ನು ನಮ್ಮ ಸ್ವಂತ ತಂತ್ರಾಂಶಗಳಿಗೆಂದೇ ಬಿಟ್ಟಿದ್ದಾರೆ. ವೇಬ್ರಿಡ್ಜ್‌ನ ತೂಕದ ತಂತ್ರಾಂಶ ಲಾಗ್ ಬರೆಯುವುದಾದರೆ ಅದಕ್ಕೆ ಇವುಗಳಲ್ಲಿ ಒಂದನ್ನು ಕೊಡಬಹುದು. ಎರಡನೆಯದು ತೀವ್ರತೆ: 0 ಎಂದರೆ ವ್ಯವಸ್ಥೆಯೇ ಬಳಕೆಗೆ ಬಾರದ ಸ್ಥಿತಿ, 3 ಎಂದರೆ ದೋಷ, 4 ಎಚ್ಚರಿಕೆ, 6 ಸಾಮಾನ್ಯ ಮಾಹಿತಿ, 7 ತಂತ್ರಾಂಶ ಬರೆಯುವವರಿಗಷ್ಟೇ ಬೇಕಾದ ವಿವರ. ಅಂಕಿ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಫೆಸಿಲಿಟಿಯನ್ನು 8ರಿಂದ ಗುಣಿಸಿ ತೀವ್ರತೆಯನ್ನು ಕೂಡಿದರೆ ಬರುವ ಸಂಖ್ಯೆಯೇ ಜಾಲದ ಮೇಲೆ ಸಂದೇಶದ ಮುಂದೆ ಸಾಗುತ್ತದೆ. 38 ಎಂದು ಕಂಡರೆ ಅದು 4 ಗುಣಿಸು 8, ಕೂಡಿಸು 6. ಅಂದರೆ ಲಾಗಿನ್ ವಿಭಾಗದ ಸಾಮಾನ್ಯ ಮಾಹಿತಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕಳುಹಿಸಬೇಕು ಎಂಬ ಆಯ್ಕೆಗಳೆಲ್ಲ ಈ ಎರಡು ಅಂಕಿಗಳ ಮೇಲೆಯೇ ನಿಂತಿವೆ.

ಯಂತ್ರದೊಳಗೆ ಸಂಗ್ರಹ

ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಸಂದೇಶ ಮೊದಲು ಬಂದು ಸೇರುವುದು ಸೇವೆಗಳನ್ನು (ಹಿನ್ನೆಲೆಯಲ್ಲಿ ಸದಾ ಓಡುವ ತಂತ್ರಾಂಶಗಳನ್ನು) ನಡೆಸುವ ಸಿಸ್ಟಮ್‌ಡಿಯ ಜರ್ನಲ್‌ಡಿ ಎಂಬ ಸೇವೆಗೆ. ಅದು ಸಾದಾ ಪಠ್ಯದಲ್ಲಿ ಬರೆಯುವುದಿಲ್ಲ, ತನ್ನದೇ ಬೈನರಿ ರೂಪದಲ್ಲಿ ಬರೆಯುತ್ತದೆ. ಓದಲು ಜರ್ನಲ್‌ಸಿಟಿಎಲ್ ಎಂಬ ಆಜ್ಞೆ ಬೇಕು. ಸಿಸ್‌ಲಾಗ್ ಪದ್ಧತಿಯಲ್ಲಿ ಲಾಗ್ ಬರೆಯುವ ಆರ್‌ಸಿಸ್‌ಲಾಗ್ ಎಂಬ ಹಳೆಯ ತಂತ್ರಾಂಶ ಇದ್ದರೆ ಅದು ಜರ್ನಲ್‌ನಿಂದ ಸಂದೇಶ ಪಡೆದು ವಾರ್-ಲಾಗ್ (/var/log) ಕೋಶದಲ್ಲಿ ಪಠ್ಯದ ಕಡತಗಳನ್ನು ಬರೆಯುತ್ತದೆ. 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್ ಆವೃತ್ತಿಯಿಂದ ಆರ್‌ಸಿಸ್‌ಲಾಗ್ ತಾನಾಗಿಯೇ ಸ್ಥಾಪನೆಯಾಗುವುದಿಲ್ಲ, ಬೇಕಿದ್ದರೆ ನಾವೇ ಸ್ಥಾಪಿಸಿಕೊಳ್ಳಬೇಕು. ಹಳೆಯ ಅಭ್ಯಾಸದಲ್ಲಿ ಸಿಸ್‌ಲಾಗ್ ಎಂಬ ಕಡತ ಹುಡುಕಿ, ಅದು ಕಾಣದೆ ಗಾಬರಿಯಾಗುವವರು ಇದನ್ನು ನೆನಪಿಡಬೇಕು.

ಜರ್ನಲ್‌ಡಿ.ಕಾನ್ಫ್ ಎಂಬ ಸೆಟ್ಟಿಂಗ್ ಕಡತದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಸ್ಟೋರೇಜ್. ಅದಕ್ಕೆ ನಾಲ್ಕು ಆಯ್ಕೆಗಳಿವೆ. ವೊಲಟೈಲ್ ಎಂದರೆ ಲಾಗ್ ಕೇವಲ ರ‍್ಯಾಮ್‌ನಲ್ಲಿ, ರನ್-ಲಾಗ್-ಜರ್ನಲ್ ಕೋಶದಲ್ಲಿ ಇರುತ್ತದೆ. ಯಂತ್ರ ಆರಿದರೆ ಅದೂ ಅಳಿಯುತ್ತದೆ. ಪರ್ಸಿಸ್ಟೆಂಟ್ ಎಂದರೆ ಡಿಸ್ಕಿನಲ್ಲಿ, ವಾರ್-ಲಾಗ್-ಜರ್ನಲ್ ಕೋಶದಲ್ಲಿ ಉಳಿಯುತ್ತದೆ. ಆಟೊ ಎಂದರೆ ಆ ಕೋಶ ಮೊದಲೇ ಇದ್ದರೆ ಡಿಸ್ಕಿನಲ್ಲಿ, ಇಲ್ಲದಿದ್ದರೆ ರ‍್ಯಾಮ್‌ನಲ್ಲಿ. ನನ್ ಎಂದರೆ ಎಲ್ಲಿಯೂ ಇಡುವುದಿಲ್ಲ. ಆಟೊ ಎಂದಿರುವ ಕಡೆ ಜನ ಏಮಾರುತ್ತಾರೆ. ಲಾಗ್ ಬರುತ್ತಿರುವುದು ಕಣ್ಣಿಗೆ ಕಾಣುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಕೋಶ ಇರಲಿಲ್ಲ ಎಂಬುದು ಕರೆಂಟ್ ಹೋಗಿ ಬಂದ ಮೇಲಷ್ಟೇ ತಿಳಿಯುತ್ತದೆ. ಹಾಗಾಗಿ ಪರ್ಸಿಸ್ಟೆಂಟ್ ಎಂದು ಸ್ಪಷ್ಟವಾಗಿ ಬರೆದುಬಿಡಿ. ಮೂಲ ಕಡತವನ್ನು ತಿದ್ದಬೇಡಿ, ಜರ್ನಲ್‌ಡಿ.ಕಾನ್ಫ್.ಡಿ ಎಂಬ ಕೋಶ ಮಾಡಿ ಅದರಲ್ಲಿ ನಿಮ್ಮದೇ ಪುಟ್ಟ ಕಡತವಿಡಿ, ಆಗ ತಂತ್ರಾಂಶ ನವೀಕರಣದ ವೇಳೆ ನಿಮ್ಮ ಬದಲಾವಣೆಗೆ ಧಕ್ಕೆಯಾಗುವುದಿಲ್ಲ. ಬಳಿಕ ಸೇವೆಯನ್ನು ರಿಸ್ಟಾರ್ಟ್ ಮಾಡಬೇಕು.

ಮುಂದಿನ ಪ್ರಶ್ನೆ ಜಾಗದ್ದು. ಸಿಸ್ಟಮ್‌ಮ್ಯಾಕ್ಸ್‌ಯೂಸ್ ಎಂಬ ಸಾಲು ಜರ್ನಲ್‌ನ ಗರಿಷ್ಠ ಗಾತ್ರವನ್ನು ನಿರ್ಧರಿಸುತ್ತದೆ. ನೀವು ಏನೂ ಬರೆಯದಿದ್ದರೆ ಅದು ಡಿಸ್ಕ್ ವಿಭಾಗದ ಶೇ. 10ರಷ್ಟು, ಆದರೆ 4 ಜಿಬಿ ಮೀರುವುದಿಲ್ಲ. ಸಿಸ್ಟಮ್‌ಕೀಪ್‌ಫ್ರೀ ಎಂಬುದು ಇತರ ಕೆಲಸಗಳಿಗೆ ಖಾಲಿ ಬಿಡಬೇಕಾದ ಜಾಗ, ಶೇ. 15ರಷ್ಟು, ಅದಕ್ಕೂ 4 ಜಿಬಿಯೇ ಮಿತಿ. ಎರಡರಲ್ಲಿ ಯಾವುದು ಬಿಗಿಯಾಗಿದೆಯೋ ಅದೇ ನಡೆಯುತ್ತದೆ. ಮಿತಿ ತಲುಪಿದಾಗ ಜರ್ನಲ್ ನಿಲ್ಲುವುದಿಲ್ಲ, ಹಳೆಯದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡಿಕೊಳ್ಳುತ್ತದೆ. ದಿನದ ಲೆಕ್ಕದಲ್ಲಿ ಮಿತಿ ಬೇಕಿದ್ದರೆ ಮ್ಯಾಕ್ಸ್‌ರಿಟೆನ್ಷನ್‌ಸೆಕ್ ಎಂಬ ಸಾಲಿದೆ. ಇದು ಇಷ್ಟು ದಿನ ಕಡ್ಡಾಯವಾಗಿ ಇಡು ಎಂದು ಹೇಳುವುದಿಲ್ಲ, ಇಷ್ಟು ದಿನಕ್ಕಿಂತ ಹಳೆಯದನ್ನು ತೆಗೆದುಬಿಡು ಎಂದಷ್ಟೇ ಹೇಳುತ್ತದೆ. ಜಾಗ ಸಾಲದಿದ್ದರೆ ಅದಕ್ಕೂ ಮೊದಲೇ ಅಳಿಯುತ್ತದೆ. ಈಗ ಎಷ್ಟು ಜಾಗ ಹಿಡಿದಿದೆ ಎಂದು ತಿಳಿಯಲು ಜರ್ನಲ್‌ಸಿಟಿಎಲ್‌ನ ಡಿಸ್ಕ್-ಯೂಸೇಜ್ ಆಯ್ಕೆ ಸಾಕು.

ನಮ್ಮ ಊರಿಗೆ ನಿಜವಾಗಿ ಮುಖ್ಯವಾದದ್ದು ಸಿಂಕ್‌ಇಂಟರ್ವಲ್‌ಸೆಕ್ ಎಂಬ ಸಾಲು. ಸಂದೇಶ ಬಂದ ಕೂಡಲೇ ಡಿಸ್ಕಿನ ಮೇಲೆ ಗಟ್ಟಿಯಾಗಿ ಬರೆಯಲಾಗುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ತೀವ್ರತೆ 0, 1, 2ರ ಸಂದೇಶಗಳನ್ನು ಮಾತ್ರ ಜರ್ನಲ್‌ಡಿ ಆ ಕ್ಷಣವೇ ಡಿಸ್ಕಿಗೆ ಒತ್ತುತ್ತದೆ, ಉಳಿದವುಗಳಿಗೆ 5 ನಿಮಿಷಗಳವರೆಗೆ ಕಾಯಬಹುದು. ಅಷ್ಟರಲ್ಲಿ ಕರೆಂಟ್ ಹೋದರೆ ಆ ಕೊನೆಯ ನಿಮಿಷಗಳ ಸಾಲುಗಳು ಕಳೆದುಹೋಗುವ ಸಾಧ್ಯತೆ ಇದೆ. ತನಿಖೆಗೆ ಬೇಕಾಗುವುದು ಹೆಚ್ಚಾಗಿ ಆ ಐದು ನಿಮಿಷಗಳೇ. ಡಿಸ್ಕ್ ದೋಷ ಸಾಮಾನ್ಯವಾಗಿ ತೀವ್ರತೆ 3ರಲ್ಲಿ ಬರುತ್ತದೆ, ಅಂದರೆ ತಕ್ಷಣ ಉಳಿಸುವ ಪಟ್ಟಿಯಲ್ಲಿ ಅದಿಲ್ಲ. ಯುಪಿಎಸ್ ನಂಬಿಕೆಗೆ ಅರ್ಹವಲ್ಲದ ಕಡೆ ಈ ಅವಧಿಯನ್ನು 30 ಸೆಕೆಂಡಿಗೆ ಇಳಿಸಿ. ಡಿಸ್ಕಿಗೆ ಬರೆಯುವ ಕೆಲಸ ಸ್ವಲ್ಪ ಹೆಚ್ಚುತ್ತದೆ, ಕಚೇರಿಯ ಯಂತ್ರಕ್ಕೆ ಅದು ಭಾರವಲ್ಲ. ಮೆಮೊರಿ ಕಾರ್ಡಿನ ಮೇಲೆ ಓಡುವ ಪುಟ್ಟ ಬೋರ್ಡುಗಳ ವಿಷಯ ಮಾತ್ರ ಬೇರೆ: ಅಲ್ಲಿ ಕಾರ್ಡ್ ಬೇಗ ಸವೆಯುತ್ತದೆ. ಅಂಥವುಗಳಲ್ಲಿ ವೊಲಟೈಲ್ ಇಟ್ಟು ಎಲ್ಲವನ್ನೂ ಬೇರೆ ಯಂತ್ರಕ್ಕೆ ಕಳುಹಿಸುವುದು ಜಾಣತನ.

ಸಂದೇಶಗಳ ಮಹಾಪೂರಕ್ಕೂ ಒಂದು ತಡೆ ಇದೆ. ಒಂದೇ ಸೇವೆ 30 ಸೆಕೆಂಡಿನಲ್ಲಿ 10,000ಕ್ಕಿಂತ ಹೆಚ್ಚು ಸಂದೇಶ ಕಳುಹಿಸಿದರೆ ಜರ್ನಲ್‌ಡಿ ಹೆಚ್ಚಿನವನ್ನು ಕೈಬಿಟ್ಟು, ಇಷ್ಟು ಬಿಟ್ಟೆ ಎಂದು ಒಂದು ಸಾಲು ಬರೆಯುತ್ತದೆ. ಈ ಮಿತಿ ಯಂತ್ರದ ಡಿಸ್ಕಿನ ಜಾಗವನ್ನು ಅವಲಂಬಿಸಿ ಸ್ವಲ್ಪ ಹಿಗ್ಗುತ್ತದೆ. ಹಾಗೆ ಬಿಟ್ಟ ಸಾಲು ಕಂಡರೆ ಮಿತಿಯನ್ನು ಏರಿಸುವ ಮೊದಲು ಆ ಸೇವೆ ಅಷ್ಟೇಕೆ ಕೂಗುತ್ತಿದೆ ಎಂದು ನೋಡಿ.

ಪಠ್ಯದ ಕಡತಗಳಿಗೆ ಜರ್ನಲ್‌ನ ಈ ಮಿತಿಗಳು ಅನ್ವಯಿಸುವುದಿಲ್ಲ. ಅವುಗಳನ್ನು ಲಾಗ್‌ರೊಟೇಟ್ ನೋಡಿಕೊಳ್ಳುತ್ತದೆ: ವಾರಕ್ಕೊಮ್ಮೆ ಅಥವಾ ಗಾತ್ರ ನೋಡಿ ಹಳೆಯ ಕಡತದ ಹೆಸರು ಬದಲಿಸಿ, ಸಂಕುಚಿಸಿ, ತೀರ ಹಳೆಯದನ್ನು ಅಳಿಸುತ್ತದೆ. ಇಲ್ಲಿ ಒಂದು ವಿಷಯ ತಿಳಿದಿರಲಿ. ಡಿಸ್ಕ್ ತುಂಬಿತೆಂದು ದೊಡ್ಡ ಲಾಗ್ ಕಡತವನ್ನು ಕೈಯಿಂದಲೇ ಅಳಿಸಿದರೆ ಜಾಗ ಸಿಗುವುದಿಲ್ಲ. ಆ ಕಡತವನ್ನು ತೆರೆದಿಟ್ಟುಕೊಂಡ ಸೇವೆ ಅದನ್ನು ಮುಚ್ಚುವವರೆಗೆ ಹೆಸರು ಮಾತ್ರ ಹೋಗಿರುತ್ತದೆ, ಜಾಗ ಹಿಡಿದೇ ಇರುತ್ತದೆ. ಸೇವೆಯನ್ನು ರಿಸ್ಟಾರ್ಟ್ ಮಾಡಿದರೆ ಬಿಡುಗಡೆಯಾಗುತ್ತದೆ.

ಇನ್ನೊಂದು ಯಂತ್ರಕ್ಕೆ ರವಾನೆ

ಬಿಸಿಯಿಂದ ಪ್ರೊಸೆಸರ್ ವೇಗ ತಗ್ಗಿಸಿದರೆ ಕರ್ನಲ್ ಅದನ್ನು ಬರೆಯುತ್ತದೆ. ಡಿಸ್ಕ್ ಓದಲಾಗದಿದ್ದರೆ ಬರೆಯುತ್ತದೆ. ಮೆಮೊರಿ ಸಾಲದೆ ಯಾವುದೋ ತಂತ್ರಾಂಶವನ್ನು ಕೊಂದರೆ ಅದನ್ನೂ ಬರೆಯುತ್ತದೆ. ಯಾರಾದರೂ ಸರಿಯಾದ ಕ್ರಮದಲ್ಲಿ ಆರಿಸಿದ್ದರೆ ಸೇವೆಗಳು ಒಂದೊಂದಾಗಿ ನಿಂತ ಸಾಲುಗಳು ಇರುತ್ತವೆ. ಆದರೆ ಕರೆಂಟ್ ಹೋದದ್ದನ್ನು ಯಾವ ಯಂತ್ರವೂ ಬರೆಯಲಾರದು. ಲಾಗ್ ನಡುವೆಯೇ ನಿಂತು, ಮುಂದಿನ ಸಾಲಿನಿಂದ ಹೊಸ ಬೂಟ್ ಶುರುವಾಗಿರುತ್ತದೆ. ಪವರ್ ಸಪ್ಲೈ ಪೆಟ್ಟಿಗೆ ಕೆಟ್ಟಿದ್ದರೂ ಲಾಗ್ ಹೀಗೆಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸುವುದು ಒಂದೇ ಯಂತ್ರದ ಲಾಗ್‌ನಿಂದ ಆಗದ ಕೆಲಸ.

ಎಲ್ಲ ಯಂತ್ರಗಳ ಲಾಗ್ ಒಂದು ಕಡೆ ಸೇರಿದಾಗ ಉತ್ತರ ತಾನಾಗಿಯೇ ಹೊರಬರುತ್ತದೆ. ಕಚೇರಿ, ವೇಬ್ರಿಡ್ಜ್, ಗೋದಾಮು ಮೂರೂ ಯಂತ್ರಗಳು ಒಂದೇ ಹೊತ್ತಿಗೆ ಮೌನವಾಗಿದ್ದರೆ ಕರೆಂಟ್ ಅಥವಾ ಜಾಲದ ಸ್ವಿಚ್ ಕಾರಣ. ಒಂದೇ ಯಂತ್ರ ಮೌನವಾಗಿ ಉಳಿದವು ಬರೆಯುತ್ತಲೇ ಇದ್ದರೆ ದೋಷ ಆ ಯಂತ್ರದಲ್ಲಿ ಅಥವಾ ಅದರ ಯುಪಿಎಸ್‌ನಲ್ಲಿ. ಮೌನಕ್ಕೆ ಅರ್ಥ ಬರಬೇಕಾದರೆ ಯಂತ್ರ ಸುಮ್ಮನಿರುವಾಗಲೂ ಏನಾದರೂ ಬರೆಯುತ್ತಿರಬೇಕು. ಅದಕ್ಕಾಗಿ ಆರ್‌ಸಿಸ್‌ಲಾಗ್‌ನಲ್ಲಿ ಇಮ್‌ಮಾರ್ಕ್ ಎಂಬ ಘಟಕವಿದೆ: ಏನೂ ಹೇಳದಿದ್ದರೆ 20 ನಿಮಿಷಕ್ಕೊಮ್ಮೆ ಒಂದು ಗುರುತಿನ ಸಾಲು ಹಾಕುತ್ತದೆ. ಅದನ್ನು ಒಂದು ನಿಮಿಷಕ್ಕೆ ಇಳಿಸಿಕೊಂಡರೆ ಯಂತ್ರ ಯಾವ ನಿಮಿಷದವರೆಗೆ ಬದುಕಿತ್ತು ಎಂದು ತಿಳಿಯುತ್ತದೆ. ಇದೆಲ್ಲ ಕೆಲಸ ಮಾಡಬೇಕಾದರೆ ಲಾಗ್ ಸರ್ವರ್, ಅಂದರೆ ಎಲ್ಲರ ಲಾಗ್ ಬಂದು ಸೇರುವ ಯಂತ್ರ, ಉಳಿದ ಯಂತ್ರಗಳ ಯುಪಿಎಸ್ ಮೇಲೆ ಇರಬಾರದು. ಅದಕ್ಕೆ ಬೇರೆ ಯುಪಿಎಸ್, ಸಾಧ್ಯವಾದರೆ ಬೇರೆ ಕೋಣೆ. ಈ ಒಂದು ಖರ್ಚಿನಲ್ಲಿ ಚೌಕಾಸಿ ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ರವಾನೆಗೆ ಇನ್ನೊಂದು ದೊಡ್ಡ ಕಾರಣವೂ ಇದೆ. ಹೊರಗಿನಿಂದ ಯಾರಾದರೂ ನುಗ್ಗಿದರೆ ತಮ್ಮ ಹೆಜ್ಜೆ ಗುರುತು ಅಳಿಸಲು ಲಾಗ್‌ಗೇ ಕೈ ಹಾಕುತ್ತಾರೆ. ಆಗಲೇ ಬೇರೆ ಯಂತ್ರಕ್ಕೆ ಹೋಗಿರುವ ಸಾಲನ್ನು ಅವರು ಇಲ್ಲಿಂದ ಅಳಿಸಲಾರರು.

ಆರ್‌ಸಿಸ್‌ಲಾಗ್‌ನಲ್ಲಿ ರವಾನೆಯ ಅತಿ ಚಿಕ್ಕ ರೂಪ ಒಂದೇ ಸಾಲಿನದು:

*.* @@192.168.1.50:514

ಮೊದಲ ನಕ್ಷತ್ರ ಎಲ್ಲ ಫೆಸಿಲಿಟಿ, ಎರಡನೆಯದು ಎಲ್ಲ ತೀವ್ರತೆ, ಕೊನೆಯದು ಸರ್ವರ್‌ನ ವಿಳಾಸ ಮತ್ತು ಪೋರ್ಟ್ (ಸಂದೇಶ ಒಳಬರುವ ಬಾಗಿಲಿನ ಸಂಖ್ಯೆ). ನಡುವೆ ಒಂದೇ @ ಇದ್ದರೆ ಯುಡಿಪಿ, ಎರಡು ಇದ್ದರೆ ಟಿಸಿಪಿ. ಇವು ಜಾಲದಲ್ಲಿ ಸಂದೇಶ ಸಾಗಿಸುವ ಎರಡು ವಿಧಾನಗಳು. ಯುಡಿಪಿಯಲ್ಲಿ ಕಳುಹಿಸಿದವನಿಗೆ ತಲುಪಿತೋ ಇಲ್ಲವೋ ತಿಳಿಯುವುದೇ ಇಲ್ಲ. ದಾರಿಯಲ್ಲಿ ಬಿದ್ದರೆ ಬಿತ್ತು. ಟಿಸಿಪಿಯಲ್ಲಿ ಸಂಪರ್ಕ ಕಡಿದದ್ದು ತಿಳಿಯುತ್ತದೆ, ಆದರೂ ಕಡಿಯುವ ಕ್ಷಣದಲ್ಲಿ ದಾರಿಯಲ್ಲಿದ್ದ ಕೆಲವು ಸಾಲುಗಳು ಹೋಗಬಹುದು. ಅದೂ ಆಗಬಾರದು ಎಂದರೆ ರೆಲ್ಪ್ ಎಂಬ ವಿಧಾನವಿದೆ, ಅದರಲ್ಲಿ ಸರ್ವರ್ ಪ್ರತಿ ಸಂದೇಶಕ್ಕೂ ತಲುಪಿತು ಎಂದು ಉತ್ತರ ಕೊಡುತ್ತದೆ. ಸಣ್ಣ ಕಚೇರಿಗೆ ಟಿಸಿಪಿ ಸಾಕು, ಜೊತೆಗೆ ಸರತಿ, ಅಂದರೆ ಹೋಗಲಾಗದ ಸಂದೇಶಗಳನ್ನು ಕಾಯಿಸಿಡುವ ಏರ್ಪಾಡು, ಇದ್ದರೆ.

ಸರತಿಯನ್ನೇ ಜನ ಮರೆಯುತ್ತಾರೆ. ಮೇಲಿನ ಒಂದು ಸಾಲು ಮಾತ್ರ ಬರೆದಿದ್ದು, ಸರ್ವರ್ ಅರ್ಧ ಗಂಟೆ ಆರಿದ್ದರೆ ಆ ಅರ್ಧ ಗಂಟೆಯ ಸಂದೇಶಗಳು ಅಲ್ಲಿಗೆ ಹೋಗುವುದೇ ಇಲ್ಲ. ವಿಸ್ತೃತ ರೂಪದಲ್ಲಿ ಬರೆಯುವಾಗ ನಾಲ್ಕು ಸಂಗತಿ ಸೇರಿಸಬೇಕು. ಕ್ಯೂ.ಟೈಪ್ ಎಂಬುದಕ್ಕೆ ಲಿಂಕ್ಡ್‌ಲಿಸ್ಟ್ ಎಂದು ಕೊಟ್ಟರೆ ಸಂದೇಶಗಳು ಮೆಮೊರಿಯಲ್ಲಿ ಸರತಿ ನಿಲ್ಲುತ್ತವೆ. ಕ್ಯೂ.ಫೈಲ್‌ನೇಮ್ ಎಂದು ಒಂದು ಹೆಸರು ಕೊಟ್ಟರೆ ಮೆಮೊರಿ ತುಂಬಿದಾಗ ಸರತಿ ಡಿಸ್ಕಿಗೆ ಇಳಿಯುತ್ತದೆ. ಹೆಸರು ಕೊಡದಿದ್ದರೆ ಇಳಿಯುವುದಿಲ್ಲ. ಕ್ಯೂ.ಸೇವ್‌ಆನ್‌ಶಟ್‌ಡೌನ್ ಆನ್ ಇದ್ದರೆ ಯಂತ್ರ ಆರಿಸುವಾಗ ಬಾಕಿ ಸಾಲುಗಳು ಡಿಸ್ಕಿನಲ್ಲಿ ಉಳಿಯುತ್ತವೆ. ಆ್ಯಕ್ಷನ್.ರಿಸ್ಯೂಮ್‌ರಿಟ್ರೈಕೌಂಟ್ ಎಂಬುದಕ್ಕೆ -1 ಕೊಟ್ಟರೆ ಸರ್ವರ್ ಸಿಗುವವರೆಗೂ ಪ್ರಯತ್ನ ನಿಲ್ಲುವುದಿಲ್ಲ. ಏನೂ ಕೊಡದಿದ್ದರೆ ಅದು 0, ಅಂದರೆ ಮತ್ತೆ ಯತ್ನಿಸದೆ ಬಿಟ್ಟುಬಿಡುತ್ತದೆ. ಸರತಿಗೆ ಗರಿಷ್ಠ ಡಿಸ್ಕ್ ಜಾಗವನ್ನೂ ನಿಗದಿಪಡಿಸಿ, ಇಲ್ಲದಿದ್ದರೆ ಸರ್ವರ್ ವಾರಗಟ್ಟಲೆ ಇಲ್ಲದಾಗ ಸರತಿಯೇ ಡಿಸ್ಕ್ ತುಂಬಿಸುತ್ತದೆ.

ಸ್ವೀಕರಿಸುವ ಕಡೆ ಇಮ್‌ಟಿಸಿಪಿ ಘಟಕವನ್ನು ಚಾಲೂ ಮಾಡಿ 514ನೇ ಪೋರ್ಟ್ ಕೊಡಬೇಕು, ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ನಿಮ್ಮ ಒಳಜಾಲದ ವಿಳಾಸಗಳಿಗೆ ಮಾತ್ರ ತೆರೆಯಬೇಕು. ಪ್ರತಿ ಯಂತ್ರದ ಲಾಗ್ ಬೇರೆ ಬೇರೆ ಕಡತಕ್ಕೆ ಹೋಗುವಂತೆ ಟೆಂಪ್ಲೇಟ್ (ಕಡತದ ಹೆಸರಿನ ಮಾದರಿ) ಬರೆಯಿರಿ. ಕಡತದ ಹೆಸರಿಗೆ ಸಂದೇಶ ತಾನೇ ಹೇಳಿಕೊಂಡ ಯಂತ್ರದ ಹೆಸರನ್ನು ನೆಚ್ಚಬೇಡಿ, ಅದನ್ನು ಯಾರು ಬೇಕಾದರೂ ಸುಳ್ಳಾಗಿ ಬರೆಯಬಹುದು. ಸಂಪರ್ಕ ಬಂದ ಐಪಿ ವಿಳಾಸ ಹೆಚ್ಚು ನಂಬಿಕೆಗೆ ಅರ್ಹ. ಸರ್ವರ್ ತನ್ನ ಲಾಗನ್ನು ತನಗೇ ರವಾನಿಸುವಂತೆ ಬರೆದರೆ ಒಂದೇ ಸಾಲು ಸುತ್ತಿ ಸುತ್ತಿ ಡಿಸ್ಕ್ ತುಂಬುತ್ತದೆ, ಆದ್ದರಿಂದ ರವಾನೆಯ ಸಾಲನ್ನು ಸರ್ವರ್‌ಗೆ ನಕಲು ಮಾಡಬೇಡಿ.

ಕಲಬುರಗಿಯಲ್ಲಿ ಮುಖ್ಯ ಕಚೇರಿ, ಬೀದರ್ ಮತ್ತು ಯಾದಗಿರಿಯಲ್ಲಿ ಶಾಖೆಗಳಿದ್ದರೆ ಲಾಗ್ ಇಂಟರ್ನೆಟ್ ಮೇಲೆ ಸಾಗಬೇಕಾಗುತ್ತದೆ. ಸಾದಾ ಸಿಸ್‌ಲಾಗ್ ತೆರೆದ ಪಠ್ಯ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಹಾಗಾಗಿ ಟಿಎಲ್‌ಎಸ್ ಎಂಬ ಗೂಢಲಿಪಿ ವಿಧಾನ ಬಳಸಿ, ಅದಕ್ಕೆ ನಿಗದಿಯಾದ ಪೋರ್ಟ್ 6514. ಅಥವಾ ಶಾಖೆಗಳ ನಡುವೆ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ದಾರಿ) ಇದ್ದರೆ ಅದರೊಳಗೇ ಕಳುಹಿಸಿ. 514ನ್ನು ಇಂಟರ್ನೆಟ್‌ಗೆ ತೆರೆದಿಡುವುದು ಮಾತ್ರ ಬೇಡವೇ ಬೇಡ. ಆರ್‌ಸಿಸ್‌ಲಾಗ್ ಬೇಡವೆನ್ನುವವರಿಗೆ ಸಿಸ್ಟಮ್‌ಡಿಯದೇ ಜರ್ನಲ್-ಅಪ್‌ಲೋಡ್ ಮತ್ತು ಜರ್ನಲ್-ರಿಮೋಟ್ ಎಂಬ ಜೋಡಿ ಇದೆ, ಅದು 19532ನೇ ಪೋರ್ಟ್ ಬಳಸುತ್ತದೆ.

ಗಡಿಯಾರ ಮತ್ತು 180 ದಿನ

ಮೂರು ಯಂತ್ರಗಳ ಲಾಗನ್ನು ಪಕ್ಕಪಕ್ಕ ಇಟ್ಟು ನೋಡಬೇಕಾದರೆ ಮೂರರ ಗಡಿಯಾರವೂ ಒಂದೇ ಆಗಿರಬೇಕು. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತ ಹಳೆಯ ಯಂತ್ರ ಕರೆಂಟ್ ಬಂದ ಮೇಲೆ ಯಾವುದೋ ಹಳೆಯ ದಿನಾಂಕದಿಂದ ಶುರುವಾಗುತ್ತದೆ. ಎನ್‌ಟಿಪಿ (ಜಾಲದಿಂದ ಸಮಯ ಪಡೆಯುವ ವಿಧಾನ) ಮೂಲಕ ಸಮಯ ಸರಿಪಡಿಸುವ ಕ್ರೋನಿಯಂಥ ಸೇವೆ ಪ್ರತಿ ಯಂತ್ರದಲ್ಲೂ ಓಡಲಿ. ಆರ್‌ಎಫ್‌ಸಿ 3164ರ ಹಳೆಯ ರೂಪದಲ್ಲಿ ವರ್ಷವೂ ಇರುವುದಿಲ್ಲ, ಸಮಯವಲಯವೂ ಇರುವುದಿಲ್ಲ. 5424ರ ರೂಪದಲ್ಲಿ ಎರಡೂ ಇರುತ್ತವೆ, ಅದನ್ನೇ ಆರಿಸಿ. ಸರತಿಯಲ್ಲಿ ನಿಂತು ತಡವಾಗಿ ಬರುವ ಸಂದೇಶಗಳಿರುವುದರಿಂದ ಕಳುಹಿಸಿದ ಹೊತ್ತು, ಸರ್ವರ್‌ಗೆ ತಲುಪಿದ ಹೊತ್ತು ಎರಡನ್ನೂ ಬರೆಸಿಟ್ಟರೆ ಒಳ್ಳೆಯದು.

ಎಷ್ಟು ದಿನ ಇಡಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಒಂದು ಅಧಿಕೃತ ಅಳತೆ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸೇವಾದಾತರು, ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗನ್ನು 180 ದಿನಗಳ ಮಟ್ಟಿಗೆ ಸುರಕ್ಷಿತವಾಗಿ ಇಡಬೇಕು, ಗಡಿಯಾರಗಳನ್ನು ಕೇಂದ್ರ ಸರ್ಕಾರದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಎನ್ನುತ್ತದೆ. 180 ದಿನ ಎಂದರೆ ಎಷ್ಟು ಜಾಗ? ಒಂದು ಯಂತ್ರ ಸೆಕೆಂಡಿಗೆ ಒಂದು ಸಾಲು, ಸಾಲಿಗೆ 250 ಬೈಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 86,400 ಸಾಲು, 21.6 ಎಂಬಿ. ಹತ್ತು ಯಂತ್ರಗಳಿಗೆ ದಿನಕ್ಕೆ 216 ಎಂಬಿ, 180 ದಿನಕ್ಕೆ ಸುಮಾರು 39 ಜಿಬಿ. ಕಚೇರಿಯ ಯಂತ್ರ ಇಷ್ಟೊಂದು ಬರೆಯುವುದೇ ಅಪರೂಪ. ಬರೆದರೂ ಸಂಕುಚಿಸಿದಾಗ ಗಾತ್ರ ಬಹಳ ಇಳಿಯುತ್ತದೆ. ಮೂಲೆಗಿಟ್ಟ ಹಳೆಯ ಡೆಸ್ಕ್‌ಟಾಪ್‌ಗೆ ಒಂದು ಒಳ್ಳೆಯ ಡಿಸ್ಕ್ ಹಾಕಿದರೆ ಲಾಗ್ ಸರ್ವರ್ ಸಿದ್ಧ. ಲಾಗ್ ಇಡುವ ಜಾಗಕ್ಕೆ ಪ್ರತ್ಯೇಕ ವಿಭಾಗ ಮಾಡಿ, ಅದು ತುಂಬಿದರೂ ವ್ಯವಸ್ಥೆ ನಿಲ್ಲದಿರಲಿ. ಲಾಗ್‌ನಲ್ಲಿ ಬಳಕೆದಾರರ ಹೆಸರು, ವಿಳಾಸಗಳು, ಕೆಲವೊಮ್ಮೆ ತಪ್ಪಿ ಟೈಪ್ ಮಾಡಿದ ಪಾಸ್‌ವರ್ಡ್ ಕೂಡ ಇರುತ್ತದೆ; ಓದುವ ಅನುಮತಿ ಒಬ್ಬಿಬ್ಬರಿಗೆ ಸಾಕು.

ವಿಂಡೋಸ್ ಯಂತ್ರಗಳಿಗೂ ತತ್ವ ಇದೇ. ಲಾಗ್ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್‌ನ ಮೂಲ ಮಿತಿ 20 ಎಂಬಿ. ಮೌಸ್‌ನ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ಅದನ್ನು ಏರಿಸಬಹುದು. ಈವೆಂಟ್ ಸಂಖ್ಯೆ 41 ಮತ್ತು 6008 ಕಂಡರೆ ಯಂತ್ರ ಸರಿಯಾದ ಕ್ರಮದಲ್ಲಿ ಆರಿಲ್ಲ, 1074 ಕಂಡರೆ ಯಾರೋ ಅಥವಾ ಯಾವುದೋ ತಂತ್ರಾಂಶ ಕ್ರಮಬದ್ಧವಾಗಿ ಆರಿಸಿದೆ, 4625 ಎಂದರೆ ಲಾಗಿನ್ ವಿಫಲ, 1102 ಎಂದರೆ ಭದ್ರತಾ ಲಾಗನ್ನೇ ಅಳಿಸಲಾಗಿದೆ. ಈವೆಂಟ್ ಫಾರ್ವರ್ಡಿಂಗ್ ಎಂಬ ಸೌಲಭ್ಯ ವಿಂಡೋಸ್‌ನಲ್ಲೇ ಇದೆ, ಅದು ಸಾಮಾನ್ಯವಾಗಿ 5985ನೇ ಪೋರ್ಟ್ ಮೂಲಕ ಇನ್ನೊಂದು ವಿಂಡೋಸ್ ಯಂತ್ರಕ್ಕೆ ದಾಖಲೆಗಳನ್ನು ಕಳುಹಿಸುತ್ತದೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ. ಲಾಗರ್ ಎಂಬ ಆಜ್ಞೆಯಿಂದ ಒಂದು ಸಂದೇಶ ಬರೆದು ಅದು ಸರ್ವರ್‌ನ ಕಡತದಲ್ಲಿ ಬಂತೇ ನೋಡಿ. ಬಂದರೆ ಸರ್ವರ್‌ನಲ್ಲಿ ಆರ್‌ಸಿಸ್‌ಲಾಗ್ ಸೇವೆಯನ್ನು ನಿಲ್ಲಿಸಿ, ಕಳುಹಿಸುವ ಯಂತ್ರದಲ್ಲಿ 1ರಿಂದ 10ರವರೆಗೆ ಸಂಖ್ಯೆ ಹಾಕಿದ ಹತ್ತು ಸಂದೇಶ ಬರೆಯಿರಿ. ಆ ಯಂತ್ರವನ್ನು ಕ್ರಮಬದ್ಧವಾಗಿ ರಿಸ್ಟಾರ್ಟ್ ಮಾಡಿ, ಐದು ನಿಮಿಷ ಬಿಟ್ಟು ಸರ್ವರ್‌ನ ಸೇವೆಯನ್ನು ಮತ್ತೆ ಶುರು ಮಾಡಿ. ಹತ್ತೂ ಬಂದರೆ ಸರತಿ ಸರಿಯಿದೆ. ಮೊದಲ ಒಂದೆರಡು ಕಾಣದೆ ಉಳಿದವು ಬಂದಿದ್ದರೆ ಅವು ಟಿಸಿಪಿಯ ದಾರಿಯಲ್ಲಿ ಕಳೆದುಹೋದವು. ಅದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ರೆಲ್ಪ್‌ಗೆ ಹೋಗಿ. ಒಂದೂ ಬರದಿದ್ದರೆ ಕ್ಯೂ.ಫೈಲ್‌ನೇಮ್ ಸಾಲನ್ನೂ, ಸರತಿಯ ಕಡತಗಳು ಕೂರುವ ಕೋಶಕ್ಕೆ ಬರೆಯುವ ಅನುಮತಿ ಇದೆಯೇ ಎಂಬುದನ್ನೂ ಮೊದಲು ನೋಡಿ.